ತಣ್ಣನೆ ಬರೆ

ಮೊದಲು ಕೂದಲು ತೆಗೆಯಬೇಕು ಅಂದರು ಡಾಕ್ಟರಮ್ಮ.
ಎಡ ಮುಂಗಾಲು, ಮಂಡಿಯಿಂದ ಗೆಣ್ಣಿನ ತನಕ.
ಯಂತ್ರ ಗುಂಯ್ ಅಂದಾಗ ಶಬನಂ
ಒಂದು ಸಲ ಕಿವಿ ಹಿಂದಕ್ಕೆ ಮಡಚಿದಳು, ಅಷ್ಟೆ.
ಹಾಲಿನಂಥ ಕೂದಲು ಕಾಲೇಜಿನ ಸಿಮೆಂಟು ನೆಲಕ್ಕೆ ಉದುರಿ
ಅಡಿಯಿಂದ ಕಪ್ಪು ಚರ್ಮ ಬಂತು.
ಹಾಸನದ ಎಷ್ಟು ಮದುಮಕ್ಕಳು ಈ ಬೆನ್ನೇರಿ ಹೋಗಿದ್ದಾರೆ,
ಒಬ್ಬನಿಗೂ ಗೊತ್ತಿಲ್ಲ
ಬಿಳಿ ಕುದುರೆ ಒಳಗೆ ಕಪ್ಪು ಅಂತ.

ಕಪ್ಪಿನ ಮೇಲೆ ಒಂಬತ್ತು ಗೆರೆ.
ಅಡ್ಡಡ್ಡ, ಬೆರಳಗಲ ಬಿಟ್ಟು, ಕಾಪಿ ಪುಸ್ತಕದ ಹಾಗೆ ನೇರ.
“ಯಾರು ಹಾಕಿದ್ದು?”
ಪೆನ್ಷನ್ ಮೊಹಲ್ಲಾದಲ್ಲಿ ಈಗಲೂ ಕೇಳಿ ನೋಡಿ,
ನಾಲಬಂದ್ ದಸ್ತಗೀರರ ಕೈ ನಡುಗಿದ್ದು ಕಂಡವರಿಲ್ಲ.
ನಾನು ಹಗ್ಗ ಸರಿಮಾಡುತ್ತ
“ಮೊದಲಿದ್ದವರು” ಅಂದೆ.

ಏಟಾದದ್ದು ಬಿ.ಎಂ. ರಸ್ತೆಯಲ್ಲಿ.
ಛತ್ರದ ಬಾಗಿಲಿಗೆ ಇನ್ನು ಹತ್ತು ಮಾರು,
ಯಾರೋ ಸಾವಿರದ ಸರ ಹಚ್ಚಿದರು.
ಚರಂಡಿ ಕಲ್ಲಿನ ಸಂದಿಗೆ ಗೊರಸು ಸಿಕ್ಕಿ
ಪೇಟ ಒಂದು ಕಡೆ, ಮದುಮಗ ಒಂದು ಕಡೆ.
ಎಲ್ಲರೂ ಅವನನ್ನು ಎತ್ತಿದರು.
ಬೆಳಗ್ಗೆ ನೋಡಿದರೆ ಕಾಲ ಹಿಂದಿನ ನರ
ಬಿಲ್ಲಿನ ಹಾಗೆ ಬಾಗಿ ಉಬ್ಬಿತ್ತು,
ಮುಟ್ಟಿದರೆ ಒಲೆ.

ಲೇಸರ್ ಅಂದರೆ ಪೆನ್ ಟಾರ್ಚಿನಷ್ಟು ದಪ್ಪದ ಒಂದು ಕೋಲು.
ನಮ್ಮಿಬ್ಬರಿಗೂ ಹಸಿರು ಕನ್ನಡಕ,
ಶಬನಂ ಕಣ್ಣಿಗೆ ನನ್ನ ಟವಲು.
ಕೆಂಪು ಚುಕ್ಕೆ ನರದ ಮೇಲೆ ಕೂತಿತು.
ಹೊಗೆ ಬರುತ್ತದೆ ಅಂತ ಕಾದೆ.
ಸುಟ್ಟ ಚರ್ಮದ ವಾಸನೆಗೆ ಮೂಗು ತಾನಾಗಿ ಬಿಗಿಯಿತು.
ಒದೆಯುತ್ತಾಳೆ ಅಂತ ಪಕ್ಕಕ್ಕೆ ಸರಿದೆ.
ಅವಳು ಕೆಳತುಟಿ ಜೋಲುಬಿಟ್ಟಳು.
ನಿದ್ದೆ.

“ಈ ಕೆಂಪು ಬರೀ ಗುರುತಿಗೆ ರೀ ಇಲಿಯಾಸ್,
ಎಲ್ಲಿ ಬೀಳ್ತಿದೆ ಅಂತ ನಮಗೆ ಗೊತ್ತಾಗಲಿ ಅಂತ.
ಕೆಲಸ ಮಾಡೋ ಬೆಳಕು ಬೇರೆ. ಅದು ಕಾಣಲ್ಲ.”
ಒಂದೊಂದು ಚುಕ್ಕೆಗೆ ಒಂದು ನಿಮಿಷ.
ಡಾಕ್ಟರಮ್ಮನ ತುಟಿ ಎಣಿಸುತ್ತಿತ್ತು.
ಅಬ್ಬಾ ಕೂಡ ಎಣಿಸುತ್ತಿದ್ದರು, ಮೂರರ ತನಕ ಮಾತ್ರ:
ಕೆಂಡದಿಂದ ಎತ್ತಿದ ಕಬ್ಬಿಣ,
ಏಕ್, ದೋ, ತೀನ್,
ಅವಳ ಮೂಗಿಗೆ ಹಗ್ಗದ ತಿರುಚು ಹಾಕಿ
ಜೋತುಬಿದ್ದಿದ್ದವನು ನಾನು,
ಹದಿನೇಳರ ಹುಡುಗ, ಕಣ್ಣು ಮುಚ್ಚಿ.

ಮೂರನೇ ವಾರ ಕೇಳಿಯೇಬಿಟ್ಟೆ,
“ಇದರಿಂದ ನಿಜಕ್ಕೂ ವಾಸಿ ಆಗ್ತದಾ ಮೇಡಂ?”
ಸ್ವಿಚ್ಚು ಆರಿಸಿ ಕನ್ನಡಕ ಹಣೆಗೇರಿಸಿದರು.
“ನೋವು, ಊತ ಇಳಿಸ್ತದೆ ಅಂತಾರೆ. ಇಲ್ಲ ಅನ್ನೋರೂ ಇದ್ದಾರೆ.
ನನಗೆ ಪೂರ್ತಿ ಗೊತ್ತಿಲ್ಲ.
ಆದ್ರೆ ನೀವು ಅವಳನ್ನ ಕೆಲಸಕ್ಕೆ ಕಟ್ಟದೆ ನಿಲ್ಲಿಸಿದ್ದೀರಲ್ಲ,
ಅದು ಮಾಡ್ತದೆ.”

ವಾಪಸು ಕೊಟ್ಟ ಮೂರು ಮದುವೆಗಳ ಮುಂಗಡ ನೆನಪಾಯಿತು.
ಲಾಯದ ಬಾಗಿಲಲ್ಲಿ ಅಬ್ಬಾ ಹೇಳುತ್ತಿದ್ದ ಮಾತೂ:
“ಬರೆ ಎಳೆದಿದೀನಿ ಸಾಹುಕಾರ್ರೆ,
ಮೂರು ತಿಂಗಳು ಜಟಕಾ ಕಟ್ಟಂಗಿಲ್ಲ.
ಕಟ್ಟಿದ್ರೆ ನನ್ನ ಕೇಳಬ್ಯಾಡಿ.”
ಸುಮ್ಮನೆ ನಿಲ್ಲಿಸಿ ಅಂದಿದ್ದರೆ ಯಾವ ಸಾಹುಕಾರ ಕೇಳುತ್ತಿದ್ದ?
ಸುಟ್ಟ ಗುರುತು ಕಂಡರೆ ಕೇಳುತ್ತಿದ್ದ.
ಕುದುರೆಗೆ ಬಿಡುವು ಕೊಡಿಸಲು
ಅವರ ಕೈಯಲ್ಲಿದ್ದ ಕಾಸು ಬೆಂಕಿಯೊಂದೇ ಏನೋ.
ಅದು ಅವರಿಗೇ ಗೊತ್ತಿತ್ತೋ ಇಲ್ಲವೋ,
ಕೇಳೋಣವೆಂದರೆ ಮಣ್ಣು ಕೊಟ್ಟು ಎಂಟು ವರ್ಷ.

“ಆ ಗೆರೆ ನಮ್ಮಪ್ಪ ಹಾಕಿದ್ದು ಮೇಡಂ.”
ನಾನು ನೆಲ ನೋಡುತ್ತಿದ್ದೆ.
ಅವರು ಕೈಗವಸು ಕಳಚಿ, ಬಗ್ಗಿ,
ಒಂಬತ್ತನ್ನೂ ಮೇಲಿನಿಂದ ಒಂದೊಂದಾಗಿ ಮುಟ್ಟಿದರು.
“ಕೈ ನೇರ ಇತ್ತು,” ಅಂದರು.
ಆಮೇಲೆ ಚೀಟಿ ಬರೆಯಲು ಕೂತರು.

ಬೋಳುಗಾಲಲ್ಲಿ ಕೂದಲು ಚಿಗುರುತ್ತಿದೆ,
ಗೆರೆಗಳ ಮೇಲೆ ಮಾತ್ರ ಇಲ್ಲ.
ಗೂಡ್ಸ್ ಗಾಡಿಗೆ ಹಲಗೆ ಇಟ್ಟು ಹತ್ತಿಸುವಾಗ
ಶಬನಂ ಎಡಗಾಲನ್ನೇ ಮೊದಲು ಊರಿದಳು.
ನೋವಿಲ್ಲವೋ, ಮರೆತಿದ್ದಳೋ.
ನಾನು ಬಗ್ಗಿ ನೋಡುವಷ್ಟರಲ್ಲಿ
ಡ್ರೈವರ್ ಹಾರ್ನ್ ಹೊಡೆದ.